ವಿರಕ್ತನ ಕಾಯಕ್ಕೂ ಕೆಲಸ ಬೇಕು



ವಿರಕ್ತರೆಂದರೆ ದೇಹವನ್ನು ಗೆದ್ದವರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಗೆಲ್ಲಲು ದೇಹವೇನು ಶತ್ರುವೇ? ಶರಣರು ಕಾಯವನ್ನು ಶಿವನ ನೆಲೆಯೆಂದೇ ಕಂಡರು. ಹಾಗಾದರೆ ಸಂಸಾರವಿಲ್ಲದವರ ಕಾಯ ಏನು ಮಾಡಬೇಕು?

ಹಳ್ಳಕ್ಕೆ ಬರೀ ಒಡ್ಡು ಹಾಕಿದರೆ ದೊಡ್ಡ ಮಳೆಗೆ ಒಡ್ಡು ಒಡೆಯುತ್ತದೆಂಬುದು ರೈತನಿಗೆ ಗೊತ್ತು. ಕಾಲುವೆ ತೋಡಿದರೆ ಅದೇ ನೀರು ಹೊಲಕ್ಕೆ ಬರುತ್ತದೆ. ಬ್ರಹ್ಮಚಾರಿಗೆ ಅಷ್ಟಾವರಣಗಳಲ್ಲೊಂದಾದ ಮಂತ್ರವೇ ಆ ಕಾಲುವೆ. ಷಡಕ್ಷರಿಯ ಜಪ ಬರೀ ನಾಲಗೆಯ ಕೆಲಸವಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರಲ್ಲಿ ನಿಂತ ನೋಟ, ನೇರವಾದ ಬೆನ್ನು, ದೀರ್ಘವಾದ ಉಸಿರು, ಹೀಗೆ ಸರ್ವಾಂಗವೂ ದುಡಿಯುತ್ತದೆ. ವಾಚಿಕದಿಂದ ಉಪಾಂಶುವಿಗೆ, ಅಲ್ಲಿಂದ ಮಾನಸಕ್ಕೆ ಜಪ ಇಳಿದಂತೆ ಮನಸ್ಸಿನ ಗದ್ದಲವೂ ಇಳಿಯುತ್ತದೆ. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವನ್ನೂ ಹೇಳಿಸಿ ಇಟಲಿಯ ವೈದ್ಯರು ಅಳೆದು ನೋಡಿ 2001ರಲ್ಲಿ ಪ್ರಕಟಿಸಿದ್ದಾರೆ: ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಎದೆಬಡಿತದ ಲಯವೂ ಅದಕ್ಕೆ ಹೊಂದಿಕೊಂಡಿತ್ತು.

12ನೇ ಶತಮಾನದ ಸೊಲ್ಲಾಪುರದ ಸಿದ್ಧರಾಮೇಶ್ವರರ ಕಥೆ ಗಡಿಭಾಗದ ನಮಗೆ ಹೊಸದಲ್ಲ. ಕುಂಬಾರರ ಕನ್ಯೆಯೊಬ್ಬಳು ಅವರನ್ನೇ ವರಿಸಬೇಕೆಂದಳು. ಬ್ರಹ್ಮಚಾರಿಗಳಾದ ಅವರು ತಮ್ಮ ಯೋಗದಂಡದೊಡನೆ ವಿವಾಹಕ್ಕೆ ಒಪ್ಪಿದರು ಎನ್ನುತ್ತದೆ ಪರಂಪರೆ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳ ಮುಂದೆ ಆ ವಿವಾಹದ ಅಕ್ಷತೆ ಇಂದಿಗೂ ಬೀಳುತ್ತದೆ. ಧ್ವಜ ಹೊತ್ತವರು ಹರನ ಘೋಷದ ನಡುವೆ ಆ ಭಾರವನ್ನು ತೂಗಿಸಿಕೊಂಡು ನಡೆಯುತ್ತಾರೆ. ಕನ್ಯೆಯ ಬಯಕೆಯನ್ನು ಪಾಪವೆಂದು ಯಾರೂ ಹಳಿಯಲಿಲ್ಲ. ಸಿದ್ಧರಾಮರ ಬ್ರಹ್ಮಚರ್ಯವೂ ಮೂಲೆಯಲ್ಲಿ ಕೂರಲಿಲ್ಲ, ಊರಿಗೆ ಕೆರೆಯಾಯಿತು.

ಹಾಗೆಂದು ಬ್ರಹ್ಮಚರ್ಯ ಮೇಲು, ಸಂಸಾರ ಕೀಳು ಎನ್ನಬಾರದು. ಬಸವಣ್ಣನವರು ಸಂಸಾರಿಗಳೇ. ಇಬ್ಬರಿಗೂ ಮಂತ್ರ ಒಂದೇ. ಆದರೆ ಸಂಸಾರಿಗೆ ದಣಿದು ಬಂದಾಗ ಮಾತಾಡಿಸುವ ಜೀವವಿದೆ, ಮಡಿಲೇರುವ ಮಗುವಿದೆ. ಒಂಟಿಯಾದವರಿಗೆ ಅದಿಲ್ಲ. ಅವರಲ್ಲಿ ಬಯಸಿ ಒಂಟಿಯಾದ ಸ್ವಾಮಿಗಳು ಕೆಲವರು. ಬಯಸದೆ ಒಂಟಿಯಾದ ವಿಧವೆಯರು, ಅವಿವಾಹಿತರು ಹಲವರು. ಇವರಿಗೆ ಜಪವು ಬಯಕೆಯನ್ನು ಅಳಿಸುವ ಔಷಧವಲ್ಲ. ಬಯಕೆ ಬಂದಾಗ ಕಾಲೂರಲು ಒಂದು ನೆಲ. ಜಪ ಮಾಡಿಯೂ ಸಿಟ್ಟು, ಹಮ್ಮು ಹೆಚ್ಚುತ್ತಿದ್ದರೆ ಕಾಲುವೆ ಎಲ್ಲೋ ಹೂಳು ತುಂಬಿದೆಯೆಂದು ತಿಳಿಯಬೇಕು. ಆಗ ಎಣಿಕೆ ಹೆಚ್ಚಿಸಿ ಫಲವಿಲ್ಲ. ಗುರುವಿನೊಡನೆ ಮನ ಬಿಚ್ಚಿ ಮಾತಾಡಬೇಕು, ಕೈಗೆ ಕಾಯಕ ಹಿಡಿಯಬೇಕು.

ಭಕ್ತರ ಹೊಣೆಯೂ ಇದೆ. ವಿರಕ್ತರನ್ನು ಮನುಷ್ಯರಿಗಿಂತ ಮೇಲೆ ಕೂರಿಸಿ ಒಂಟಿಯಾಗಿ ಬಿಡಬೇಡಿರಿ. ನಿಮ್ಮ ಮನೆಯಲ್ಲೇ ಒಂಟಿ ಜೀವವಿದ್ದರೆ ಸಂಜೆಯ ಪೂಜೆಯಲ್ಲಿ ಅವರ ಪಕ್ಕ ಕುಳಿತು ದನಿಗೂಡಿಸಿರಿ.