ಕಾಗಕ್ಕ ಬಾಗಿಲಲ್ಲೇ ನಿಂತಿದ್ದಳು

ಮಗಳಿಗೆ ಆಗ ಮೂರು ತುಂಬಿ ಕೆಲವು ತಿಂಗಳಾಗಿತ್ತು. ಮಿನಿಯಾಪೊಲಿಸ್‌ನ ಜನವರಿ, ಹೊರಗೆ ಮೊಣಕಾಲುದ್ದ ಹಿಮ. ಮಲಗಿಸುವ ಹೊತ್ತಿಗೆ ಚಿತ್ರದ ಪುಸ್ತಕ ಸಿಗದೆ, ದೀಪ ಆರಿಸಿ ಕಾಗಕ್ಕ ಗುಬ್ಬಕ್ಕನ ಕತೆ ಶುರು ಮಾಡಿದೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂತು, ಸಗಣಿ ಮನೆ ಕರಗಿ ಹರಿದುಹೋಯಿತು. ಕಾಗಕ್ಕ ನಡುಗುತ್ತ ಬಂದು ಗುಬ್ಬಕ್ಕನ ಬಾಗಿಲು ಬಡಿದಳು. “ಇರು, ಮಗೂಗೆ ನೀರು ಹಾಕ್ತಿದೀನಿ” ಎಂದಳು ಗುಬ್ಬಕ್ಕ. ಕಾಗಕ್ಕ ಮತ್ತೆ ಬಡಿದಳು. ಈ ಸಲ ಗುಬ್ಬಕ್ಕ ಏನಂದಳು? ನನಗೆ ನೆನಪಾಗಲಿಲ್ಲ.

“ಆಮೇಲೆ?” ಎಂದಳು ಮಗಳು. ಆಮೇಲೆ ಬಾಗಿಲು ತೆಗೆದಳು, ಮಲಕ್ಕೋ ಎಂದೆ. ಅವಳು ಮಲಗಿದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. ನೂರು ಸಲ ಕೇಳಿದ್ದ ಕತೆ ಅದು. ಮೊದಲೂ ಗೊತ್ತು, ಕೊನೆಯೂ ಗೊತ್ತು, ನಡುವಿನದು ಹೋಗಿಬಿಟ್ಟಿತ್ತು. ಕಾಗಕ್ಕ ಮಳೆಯಲ್ಲಿ ನೆನೆಯುತ್ತ ಬಾಗಿಲಲ್ಲೇ ನಿಂತಿದ್ದಳು.

ಊರಿಗೆ ಫೋನ್ ಮಾಡಿದೆ. “ಅಷ್ಟು ಸಲ ಹೇಳಿಸ್ಕೊಂಡಿದ್ಯಲ್ಲೇ, ಮರೆತೇ ಬಿಟ್ಯಾ?” ಎಂದು ಅಮ್ಮ ಕತೆ ತೆಗೆದರು. ನೀರು ಹಾಕಿಯಾಯಿತು, ಈಗ ಮೈ ಒರೆಸ್ತಿದೀನಿ. ಅಂಗಿ ತೊಡಿಸ್ತಿದೀನಿ. ಕಾಡಿಗೆ ಹಚ್ತಿದೀನಿ. ದೃಷ್ಟಿಬೊಟ್ಟು ಇಡ್ತಿದೀನಿ. ತೊಟ್ಟಿಲು ತೂಗ್ತಿದೀನಿ. ಒಂದೊಂದು ಮಾತಿಗೂ ಅಮ್ಮ ಒಂದು ಕ್ಷಣ ತಡೆದರು. ಯಾಕೆಂದು ನನಗೆ ಗೊತ್ತಿತ್ತು. ಹೂಂಗುಟ್ಟದಿದ್ದರೆ ನಮ್ಮ ಮನೆಯಲ್ಲಿ ಕತೆ ಮುಂದಕ್ಕೆ ಹೋಗುತ್ತಿರಲಿಲ್ಲ. ಮೂವತ್ತಾರು ವರ್ಷದ ನಾನು ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತು, ಹೂಂ, ಹೂಂ ಎನ್ನುತ್ತ ಕತೆ ಪೂರ್ತಿ ಕೇಳಿಸಿಕೊಂಡೆ.

ಮರೆತದ್ದು ಯಾಕೆಂದು ಹೇಳಬೇಕು. ಹಿರಿಯ ಮಗ ಶಾಲೆಗೆ ಸೇರಿದ ವರ್ಷ ಅಲ್ಲಿನ ಶಿಕ್ಷಕಿಯೊಬ್ಬರು ನಮ್ಮನ್ನು ಕರೆಸಿ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಮಗು ಬೇಗ ಹೊಂದಿಕೊಳ್ಳುತ್ತದೆ ಎಂದರು. ಮಗುವಿನ ಒಳ್ಳೆಯದಕ್ಕೇ ಹೇಳಿದರು, ನಾವೂ ನಂಬಿದೆವು. ಆ ಸಲಹೆ ತಪ್ಪು ಎಂದು ಇವತ್ತು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಇಂಗ್ಲಿಷನ್ನು ಅವನು ಮುಂದಿನ ಬೇಸಿಗೆಯೊಳಗೆ ಆಟದ ಬಯಲಿನಲ್ಲೇ ಕಲಿತ. ಅದಕ್ಕೆ ನಮ್ಮ ತ್ಯಾಗ ಬೇಕಿರಲಿಲ್ಲ. ನಾಲ್ಕು ವರ್ಷ ನಾನು ಒಂದೇ ಒಂದು ಕನ್ನಡ ಕತೆ ಹೇಳಲಿಲ್ಲ. ನಷ್ಟವಾಗಿದ್ದರೆ ಅದು ಮಗನಿಗೆ ಎಂದುಕೊಂಡಿದ್ದೆ. ನನ್ನೊಳಗಿನದೇ ಹೋಗುತ್ತಿತ್ತು ಎಂಬುದು ಆ ರಾತ್ರಿಯವರೆಗೆ ತಿಳಿದಿರಲಿಲ್ಲ.

ನಮ್ಮಲ್ಲಿ ಇದರ ಬಗ್ಗೆಯೇ ಒಂದು ಜನಪದ ಕತೆಯಿದೆ. ಒಬ್ಬ ಗೃಹಿಣಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಎರಡನ್ನೂ ಅವಳು ಯಾರಿಗೂ ಹೇಳುವವಳಲ್ಲ. ಒಳಗೇ ಕೂತು ಉಸಿರುಗಟ್ಟಿದ ಕತೆ ಮತ್ತು ಹಾಡು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕತೆ ಗಂಡಸಿನ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ತೂಗಿಕೊಂಡಿತು. ಗಂಡ ಬಂದು ನೋಡಿದ, ಯಾರು ಬಂದಿದ್ದರು ಎಂದು ಜಗಳವಾಡಿದ, ಕಂಬಳಿ ಹೊದ್ದು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಆ ಗುಡಿಗೆ ಬಂದು ಮಾತಾಡಿಕೊಳ್ಳುತ್ತವಂತೆ. ತಡವಾಗಿ ಬಂದ ಅವನ ಮನೆಯ ದೀಪ ನಡೆದದ್ದನ್ನು ಉಳಿದವಕ್ಕೆ ಹೇಳಿತು. ಸಂಶಯ ಕಳೆದ ಗಂಡ ಬೆಳಗಿನ ಜಾವ ಮನೆಗೆ ಬಂದು, ನಿನ್ನ ಕತೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು.

ಈ ಕನ್ನಡ ಕತೆಯನ್ನು ಲೋಕಕ್ಕೆ ತಿಳಿಸಿದವರು ಮೈಸೂರಿನಲ್ಲಿ ಹುಟ್ಟಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್. ಗಿರೀಶ ಕಾರ್ನಾಡರು ಅದೇ ಶಿಕಾಗೋದಲ್ಲಿದ್ದಾಗ ಬರೆದ ‘ನಾಗಮಂಡಲ’ದಲ್ಲಿ ಆ ದೀಪಗಳು ಗುಡಿಗೆ ಬಂದು ಸೇರುತ್ತವೆ. 1993ರಲ್ಲಿ ನಾಟಕ ನಮ್ಮ ಮಿನಿಯಾಪೊಲಿಸ್‌ನ ಗಥ್ರಿ ರಂಗಮಂದಿರಕ್ಕೂ ಬಂತು. ಅಡುಗೆಮನೆಯಲ್ಲಿ ಅಜ್ಜಿಯೊಬ್ಬಳು ತುತ್ತು ಕಲಸುತ್ತ ಹೇಳುವಂಥ ಕತೆ ಮಿಸಿಸಿಪ್ಪಿ ದಂಡೆಗೆ ಬಂದು ತಲುಪಿತೆಂದರೆ, ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ಮುಂದಿನವರಿಗೆ ಹೇಳಿದ್ದಾರೆ. ಈ ಕತೆಯ ಕೊನೆ ನನ್ನನ್ನು ಈಗಲೂ ಕಾಡುತ್ತದೆ. ಕತೆ ಸಾಯಲಿಲ್ಲ, ದೀಪದ ಬಾಯಲ್ಲಿ ಉಳಿದುಕೊಂಡಿತು. ಕಳೆದುಕೊಂಡವಳು ಅವಳು.

ಅಮ್ಮನ ಹತ್ತಿರ ಕತೆ ಕೇಳಿದ ಮೇಲೆ ಇಲ್ಲಿನ ಕನ್ನಡ ಕೂಟದ ಭಾನುವಾರದ ತರಗತಿಗೆ ಕಲಿಸಲು ಹೋಗತೊಡಗಿದೆ. ನಾಲ್ಕರಿಂದ ಏಳು ವರ್ಷದ ಮಕ್ಕಳು. ಅಕ್ಷರಮಾಲೆಯ ಪಟ ಹಿಡಿದು ಅ, ಆ ಎಂದರೆ ಎರಡನೆಯ ವಾರಕ್ಕೆ ಅರ್ಧ ಮಕ್ಕಳು ಮೇಜಿನ ಕೆಳಗೆ. ಆಗ ಓದಿದ್ದು ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಕಟ್ಟಿದವರು ಅವರು. ಪುಸ್ತಕದ ಮೇಷ್ಟ್ರು ನಾಲ್ಕನೆಯ ತರಗತಿಗೆ ಹೋಗಿ ಮೊದಲ ದಿನ ಮಕ್ಕಳನ್ನು ಮೌನವಾಗಿ ಕೂರಿಸಲು ನೋಡುತ್ತಾರೆ, ಸೋಲುತ್ತಾರೆ. ಮರುದಿನ ಕತೆ ಶುರು ಮಾಡುತ್ತಾರೆ, ಗದ್ದಲ ನಿಲ್ಲುತ್ತದೆ. ಕತೆಯನ್ನು ಪಾಠ ಮುಗಿದ ಮೇಲಿನ ಬಹುಮಾನವೆಂದು ಅವರು ತಿಳಿಯಲಿಲ್ಲ. ಪಾಠ ಶುರುವಾಗುವುದೇ ಅದರಿಂದ.

ನಾವು ಪಟವನ್ನು ಗೋಡೆಗೆ ಬಿಟ್ಟು ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎತ್ತಿಕೊಂಡೆವು. ಪಂಜೆಯವರೂ ಮೇಷ್ಟ್ರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರಾಗಿದ್ದವರು, 1921ರಲ್ಲಿ ಮಂಗಳೂರಿನಲ್ಲಿ ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲ ಕಟ್ಟಿದವರು. ನಾವು ತರಗತಿಯಲ್ಲಿ ಹೇಳುವ ಸರಪಳಿ ಹೀಗೆ: ಸಿಗಡಿ ಒಣಗಲಿಲ್ಲ, ಹುಲ್ಲು ಅಡ್ಡ ಬಂತು. ದನ ಹುಲ್ಲು ಮೇಯಲಿಲ್ಲ, ಹುಡುಗ ದನ ಬಿಡಲಿಲ್ಲ, ಅಜ್ಜಿ ಅವನಿಗೆ ಊಟ ಹಾಕಲಿಲ್ಲ, ಏಕೆಂದರೆ ಮಗು ಅಳುತ್ತಿತ್ತು, ಮಗುವಿಗೆ ಇರುವೆ ಕಚ್ಚಿತ್ತು. ನನ್ನ ಗೂಡಿಗೆ ಕೈ ಹಾಕಿದರೆ ಕಚ್ಚದೆ ಬಿಡ್ತೀನಾ ಎನ್ನುತ್ತದೆ ಇರುವೆ. ತೆಲುಗರಲ್ಲೂ ಇಂಥದೇ ಕತೆಯಿದೆ, ಅಲ್ಲಿ ಏಳು ರಾಜಕುಮಾರರು, ಏಳು ಮೀನುಗಳು. ‘ಯಾಕೆ’ ಎಂಬ ಪ್ರಶ್ನೆ, ‘ಲಿಲ್ಲ’ ಎಂಬ ಉತ್ತರ ಒಂದು ಕತೆಯಲ್ಲಿ ಎಷ್ಟು ಸಲ ಬರುತ್ತವೆ ಎಣಿಸಿ ನೋಡಿ. ವ್ಯಾಕರಣದ ಯಾವ ಪಾಠವೂ ಇದನ್ನು ಇಷ್ಟು ಹಿತವಾಗಿ ಕಲಿಸಲಾರದು. ಮೂರನೆಯ ವಾರ ನಾನು “ಅಜ್ಜಿ, ಅಜ್ಜಿ, ಯಾಕೆ…” ಎಂದು ನಿಲ್ಲಿಸಿದರೆ, ಅದುವರೆಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಹುಡುಗ “ಊಟ ಹಾಕಲಿಲ್ಲ?” ಎಂದು ಪೂರ್ತಿ ಮಾಡಿದ.

ಒಂದು ತೊಡಕು ಬಂತು. ‘ಒಣಗುವುದು’ ಎಂದರೆ ಈ ಮಕ್ಕಳಿಗೆ ಗೊತ್ತಿರಲಿಲ್ಲ. ಅವರ ಬಟ್ಟೆ ಯಂತ್ರದಲ್ಲಿ ಒಣಗುತ್ತದೆ, ಬಿಸಿಲಿಗೆ ಏನನ್ನೂ ಹರವಿ ನೋಡಿದವರಲ್ಲ. ಇಂಗ್ಲಿಷಿನಲ್ಲಿ ಅರ್ಥ ಹೇಳಲು ಮನಸ್ಸಾಗಲಿಲ್ಲ. ಹಿಮದಲ್ಲಿ ಆಡಿ ಒದ್ದೆಯಾಗಿದ್ದ ಒಂದು ಪುಟ್ಟ ಕೈಗವಸನ್ನು ಕಿಟಕಿಯಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಇಟ್ಟೆವು. ಐದೈದು ನಿಮಿಷಕ್ಕೊಬ್ಬರು ಎದ್ದು ಹೋಗಿ ಮುಟ್ಟಿ ಬಂದರು. “ಒಣಗಿಲ್ಲ.” “ಇನ್ನೂ ಒಣಗಿಲ್ಲ.” ಯಾರೂ ಹೇಳಿಕೊಡದೆ ಆ ‘ಇನ್ನೂ’ ಯಾವ ಮಗುವಿನ ಬಾಯಿಗೆ ಎಲ್ಲಿಂದ ಬಂತೋ, ಆ ದಿನ ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅದೇ ಸಂತೋಷ.

ಅಂದಿನಿಂದ ಕತೆಯ ನಡುವೆ ಅನುವಾದ ಮಾಡುವುದನ್ನು ಬಿಟ್ಟಿದ್ದೇನೆ. ಅರ್ಥವಾಗದ ಮಾತನ್ನು ಕೈ, ಕಣ್ಣು, ದನಿ ಹೇಳುತ್ತವೆ. ಅನುವಾದ ಸಿಗುತ್ತದೆಂದು ಗೊತ್ತಾದರೆ ಮಗು ಕನ್ನಡಕ್ಕೆ ಕಿವಿಗೊಡುವುದಿಲ್ಲ, ಇಂಗ್ಲಿಷಿಗೆ ಕಾಯುತ್ತದೆ. ಕತೆ ಮುಗಿದೊಡನೆ ನೀತಿ ಏನೆಂದು ಕೇಳುವುದನ್ನೂ ಬಿಟ್ಟೆ. ಪುಣ್ಯಕೋಟಿ ಕರುವನ್ನು ಬಿಟ್ಟು ಹುಲಿಯ ಹತ್ತಿರ ಹೊರಟಾಗ ಸುಮ್ಮನೆ ಕೂತ ಮಗುವಿಗೆ ಸತ್ಯದ ಬಗ್ಗೆ ಪ್ರಶ್ನೆ ಕೇಳಬಾರದು. ಫೋನಿನ ಪರದೆಯ ಮೇಲೆ ಕನ್ನಡ ಕತೆಗಳು ಎಷ್ಟು ಬೇಕಾದರೂ ಇವೆ, ಚೆನ್ನಾಗಿಯೂ ಇವೆ. ಆದರೆ ಹೂಂ ಎಂದರೂ ಎನ್ನದಿದ್ದರೂ ಅವು ಓಡುತ್ತಲೇ ಇರುತ್ತವೆ. ಮಗು ತಡೆದರೆ ನಿಲ್ಲುವ, ಕೇಳಿದರೆ ಹಿಂದಕ್ಕೆ ಬರುವ ದನಿ ಮನೆಯವರದೇ ಆಗಬೇಕು. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕೊಡಲಿ, ಕತೆ ಕನ್ನಡದಲ್ಲೇ ಮುಂದುವರಿಯಲಿ. ನನ್ನ ಮಗ ಈಗ ಹನ್ನೊಂದರವನು. ದೊಡ್ಡವನಾದೆನೆಂದು ಪಕ್ಕದ ಕೋಣೆಯಲ್ಲಿ ಮಲಗುತ್ತಾನೆ, ಬಾಗಿಲು ಮಾತ್ರ ತೆರೆದಿಟ್ಟಿರುತ್ತಾನೆ. ತಂಗಿ ಹೂಂಗುಟ್ಟುವುದನ್ನು ಮರೆತಾಗ ಆ ಕತ್ತಲೆಯಿಂದ ಒಂದು ಹೂಂ ಬರುತ್ತದೆ.

ಯುಗಾದಿಯ ಈ ಸಂಚಿಕೆ ಕೈಗೆ ಬಂದ ರಾತ್ರಿಯೇ ನಿಮಗೆ ಗೊತ್ತಿರುವ ಒಂದು ಕತೆಯನ್ನು ಮಗುವಿಗೆ ಹೇಳಿ. ನಡುವೆ ಎಲ್ಲಾದರೂ ಮರೆತರೆ ಊರಿಗೆ ಫೋನ್ ಮಾಡಿ ಕೇಳಿ. ನಮಗೆ ರಾತ್ರಿ 8 ಗಂಟೆಯಾದರೆ ಅಲ್ಲಿ ಬೆಳಗಿನ 6:30. ಅವರು ಎದ್ದಿರುತ್ತಾರೆ.