ನಿಂತ ಬರಹ ಮತ್ತು ಓದುಗನ ಋಣ

‘ಕೆಲಸದ ಹೊರೆ ಹೆಚ್ಚಾಗಿದೆ, ಸದ್ಯಕ್ಕೆ ಬರೆಯಲು ಸಮಯವಿಲ್ಲ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಆಡಿಯೂ ಇದ್ದೇವೆ. ತಾನಾಗಿಯೇ ಒಪ್ಪಿಕೊಂಡ ಬರವಣಿಗೆಯನ್ನು ಬೇರೊಂದು ಕೆಲಸದ ಭಾರದಿಂದ ನಿಲ್ಲಿಸಿದವನು ಓದುಗನಿಗೆ ಮಾತು ತಪ್ಪಿದಂತಾಗುತ್ತದೆಯೇ? ಪ್ರಶ್ನೆ ಚಿಕ್ಕದಾಗಿ ಕಂಡರೂ ವಿಚಾರಣೀಯವಾಗಿದೆ.

ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಬಾಳು ಇದಕ್ಕೆ ಒಳ್ಳೆಯ ನಿದರ್ಶನ. ಗಣಕದ ಕ್ರಮವಿಧಿ ರಚನೆಯನ್ನು ಕುರಿತ ಬೃಹದ್ಗ್ರಂಥವೊಂದನ್ನು ಅವರು 1962ರಲ್ಲಿ ಕೈಗೆತ್ತಿಕೊಂಡರು. ಏಳು ಸಂಪುಟಗಳ ಯೋಜನೆ ಅದು. ಮೊದಲ ಮೂರು 1968, 1969 ಮತ್ತು 1973ರಲ್ಲಿ ಹೊರಬಂದವು. 1977ರಲ್ಲಿ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು ಕೈಸೇರಿದಾಗ, ಹೊಸ ಯಂತ್ರದಲ್ಲಿ ಜೋಡಿಸಿದ ಅಕ್ಷರಗಳ ಕುರೂಪವನ್ನು ಅವರಿಂದ ಸಹಿಸಲಾಗಲಿಲ್ಲ. ತಮ್ಮ ಪುಸ್ತಕದಲ್ಲಿ ತಪ್ಪನ್ನು ಮೊದಲು ತೋರಿಸಿದವರಿಗೆ 2.56 ಡಾಲರು ಕೊಡುವುದಾಗಿ ಸಾರಿದ ಮನುಷ್ಯ ಅವರು (ಲೆಕ್ಕದಲ್ಲಿ ಇಷ್ಟು ನಿಷ್ಠೆ ನಮ್ಮ ಪೇಟೆಯಲ್ಲಿಯೂ ಅಪರೂಪ). ಅಚ್ಚಿನ ಜೋಡಣೆಗೆಂದು ತಾವೇ ‘ಟೆಕ್’ ಎಂಬ ತಂತ್ರಾಂಶವನ್ನು ರಚಿಸಲು ತೊಡಗಿದರು. ಬೇಗನೆ ಮುಗಿಯುವುದೆಂದು ಎಣಿಸಿದ್ದ ಆ ಕೆಲಸ ಸುಮಾರು ಹತ್ತು ವರ್ಷಗಳನ್ನು ನುಂಗಿತು. ಮೂಲ ಗ್ರಂಥ ನಿಂತಿತು.

ಇಲ್ಲಿ ‘ಸಮಯವಿಲ್ಲ’ ಎಂಬ ಮಾತಿನ ಸತ್ಯಾಸತ್ಯತೆಯನ್ನು ನೋಡಬೇಕು. ದಿನದ 24 ಗಂಟೆ ಎಲ್ಲರಿಗೂ ಸಮಾನ. ಆದುದರಿಂದ ಆ ಮಾತಿನ ನಿಜವಾದ ಅರ್ಥ ‘ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ’ ಎಂದಷ್ಟೇ. ಹಾಗೆಂದು ಹೇಳುವ ಧೈರ್ಯ ಸಾಲದೆ ನಾವು ಕಾಲದ ಮೇಲೆ ಹೊರೆ ಹೊರಿಸುತ್ತೇವೆ. ಆದರೂ ತಂತ್ರಾಂಶ ರಚಿಸುವವನ ವಿಷಯದಲ್ಲಿ ಒಂದು ಮಾತನ್ನು ಒಪ್ಪಬೇಕು. ಅವನಲ್ಲಿ ಬರಿದಾಗುವುದು ಗಂಟೆಗಳಲ್ಲ, ಅವಧಾನ. ಸಾವಿರಾರು ಸಾಲುಗಳ ಪರಸ್ಪರ ಸಂಬಂಧವನ್ನು ಏಕಕಾಲದಲ್ಲಿ ಮನಸ್ಸಿನಲ್ಲಿ ಹಿಡಿದಿರಬೇಕು. ನಡುವೆ ಕೈಬಿಟ್ಟರೆ ಮತ್ತೆ ಮೊದಲಿನಿಂದ ಕಟ್ಟಬೇಕು. ಪುಸ್ತಕ ಬರೆಯುವುದಕ್ಕಿಂತ ತಂತ್ರಾಂಶ ಬರೆಯುವುದು ಕಠಿಣವೆಂದು ಕ್ನೂತ್ ಅವರೇ ಹೇಳಿಕೊಂಡಿದ್ದಾರೆ. ದಣಿದ ಮನಸ್ಸಿನಿಂದ ಪುಟ ತುಂಬಿಸಿ ಓದುಗನಿಗೆ ಕೊಡುವುದು ತೂಕದಲ್ಲಿ ಕಡಿಮೆ ಮಾಡಿ ಮಾರಿದಂತೆಯೇ ಸರಿ. ಆ ದೃಷ್ಟಿಯಿಂದ ನಿಲ್ಲಿಸುವುದೇ ಪ್ರಾಮಾಣಿಕತೆ.

ಆದರೆ ನಿಲ್ಲಿಸಿದ ಮಾತ್ರಕ್ಕೆ ಖಾತೆ ಮುಗಿಯುವುದಿಲ್ಲ. ಮೇಲಧಿಕಾರಿಯ ಗಡುವಿಗೆ ಸಿಕ್ಕ ಸಾಮಾನ್ಯ ನೌಕರನನ್ನು ಕ್ಷಮಿಸುವುದು ಸುಲಭ, ಏಕೆಂದರೆ ಆ ಭಾರ ಅವನು ಆರಿಸಿಕೊಂಡದ್ದಲ್ಲ. ಕ್ನೂತ್ ತಮ್ಮ ಭಾರವನ್ನು ತಾವೇ ಆರಿಸಿಕೊಂಡರು. ಅವರನ್ನು ಗೌರವಿಸಬೇಕಾದುದು ಅವರು ಹಿಂತಿರುಗಿದ ರೀತಿಗಾಗಿ. 1990ರ ಜನವರಿ 1ರಿಂದ ಮಿಂಚಂಚೆಯನ್ನು ತೊರೆದರು. 1993ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೋಧನೆಯಿಂದ ಅವಧಿಗೆ ಮೊದಲೇ ನಿವೃತ್ತರಾದರು. ಬಿಡುವು ತಾನಾಗಿ ಒದಗುವುದೆಂದು ಕಾಯಲಿಲ್ಲ, ತ್ಯಾಗ ಮಾಡಿ ಗಳಿಸಿದರು. ನಮ್ಮಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ.

ಇಷ್ಟಾದರೂ ಒಂದು ಆಕ್ಷೇಪ ಉಳಿದೇ ಇದೆ. ಟೆಕ್ ಅನ್ನು ಅವರು ಲೋಕಕ್ಕೆ ಉಚಿತವಾಗಿ ಕೊಟ್ಟರು. ಗಣಿತದ ಪುಸ್ತಕಗಳೂ ಪತ್ರಿಕೆಗಳೂ ಇಂದಿಗೂ ಅದರಿಂದ ಅಚ್ಚಾಗುತ್ತಿವೆ. ಆ ಉಪಕಾರದಿಂದ ಹಳೆಯ ಋಣ ತೀರಿತೇ? ವ್ಯಾಪಾರದ ಲೆಕ್ಕದಲ್ಲಿ ತೀರದು. ಒಬ್ಬನಿಂದ ಪಡೆದ ಸಾಲವನ್ನು ಇನ್ನೊಬ್ಬನಿಗೆ ದಾನ ಮಾಡಿ ಚುಕ್ತಾ ಎಂದು ಬರೆಯಲಾಗದು. 1973ರಲ್ಲಿ ಮೂರನೆಯ ಸಂಪುಟವನ್ನು ಕೊಂಡವನು ನಾಲ್ಕನೆಯದರ ಮೊದಲ ಭಾಗಕ್ಕಾಗಿ 2011ರವರೆಗೆ, ಅಂದರೆ 38 ವರ್ಷ ಕಾಯಬೇಕಾಯಿತು. ಅಷ್ಟು ಕಾಲ ಎಲ್ಲ ಓದುಗರೂ ಬದುಕಿರುವುದಿಲ್ಲ. ಎರಡನೆಯ ಭಾಗ 2022ರಲ್ಲಿ ಬಂದಾಗ ಅವರಿಗೆ 84 ವರ್ಷ. ನಾಲ್ಕನೆಯ ಸಂಪುಟ ಅದರೊಂದಿಗೂ ಮುಗಿಯಲಿಲ್ಲ.