ಶಾಂತಿ ಸಭೆಯಲ್ಲಿ ಕೂತು ಯೋಚಿಸಿದ್ದು

ನಮ್ಮೂರ ಸ್ಕೂಲಿನ ಜಗಲಿ ಮೇಲೆ ಶಾಂತಿ ಸಭೆ ಕರೆದಿದ್ದರು. ತಾಲ್ಲೂಕಿನಿಂದ ಜೀಪು ಬಂದಿತ್ತು. ಸಾಹೇಬರಿಗೆ, ಪೊಲೀಸರಿಗೆ, ಊರಿನ ನಾಲ್ಕು ಜನ ಗೌಡರಿಗೆ ಕುರ್ಚಿ. ನಮ್ಮ ಕೇರಿಯವರಿಗೆ ಚಾಪೆ. ಕೆಳಗೆ ಕೂತ್ಕೊಳ್ಳಿ ಅಂತ ಯಾರೂ ಹೇಳಲಿಲ್ಲ. ನಾವೇ ಹೋಗಿ ಕೂತೆವು. ಬಿ.ಎ. ಓದಿದ ನಾನೂ ಕೂತೆ.

ನಡೆದದ್ದು ಇಷ್ಟು. ನನ್ನ ಚಿಕ್ಕಪ್ಪನ ಮಗ ಊರ ಟೀ ಅಂಗಡಿಯಲ್ಲಿ, ಕೇರಿಯವರಿಗೆ ಅಂತ ಸೂರಿಗೆ ಸಿಕ್ಕಿಸಿದ್ದ ಲೋಟ ಬಿಟ್ಟು, ಎಲ್ಲರ ಲೋಟ ತಗೊಂಡು ಟೀ ಕುಡಿದ. ಹೊಡೆದರು. ಅವನು ಸ್ಟೇಷನ್ನಿಗೆ ಹೋಗಿ ದೂರು ಬರೆಸಿದ. ಮಾರನೇ ದಿನದಿಂದ ಕೇರಿಯವರಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಮಿಲ್ಲಿನಲ್ಲಿ ರಾಗಿ ಬೀಸುವುದಿಲ್ಲ. ಒಂಬತ್ತನೇ ದಿನ ಶಾಂತಿ ಸಭೆ.

ಸಾಹೇಬರು ಒಳ್ಳೆಯ ಮನುಷ್ಯ. ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಬಸವಣ್ಣನ ಹೆಸರು ಹೇಳಿದರು, ಬಾಬಾಸಾಹೇಬರ ಹೆಸರು ಹೇಳಿದರು, ಅಣ್ಣತಮ್ಮಂದಿರ ಥರ ಬಾಳಿ ಅಂದರು. ಕೊನೆಗೆ ಚಾಪೆಯ ಕಡೆ ತಿರುಗಿ, "ಒಂದು ಲೋಟದ ವಿಷಯ. ಊರು ದೊಡ್ಡದೋ ಲೋಟ ದೊಡ್ಡದೋ ನೀವೇ ಹೇಳ್ರಪ್ಪಾ" ಅಂತ ಕೇಳಿದರು. ನಮ್ಮ ಕೇರಿಯ ಹಿರಿಯ ಎದ್ದು ಕೈಮುಗಿದ. "ಊರೇ ದೊಡ್ಡದು ಬುದ್ಧೀ." ಚಪ್ಪಾಳೆ ಬಿತ್ತು. ಮಾರನೇ ದಿನ ಮಿಲ್ಲು ತಿರುಗಿತು.

ಗೆಳೆಯರೇ, ಆವತ್ತಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಊರಿನ ಶಾಂತಿ ಕೆಟ್ಟದ್ದು ಯಾವಾಗ? ಹೊಡೆದಾಗಲೋ, ದೂರು ಬರೆಸಿದಾಗಲೋ? ಲೋಟ ಸೂರಿನಲ್ಲಿದ್ದ ಅಷ್ಟೂ ವರ್ಷ ಸರ್ಕಾರದ ಕಾಗದದಲ್ಲಿ ನಮ್ಮೂರು ಶಾಂತ ಗ್ರಾಮ. ನಮ್ಮವ್ವ ಆ ಲೋಟ ತಾನೇ ತೊಳೆದು ತಾನೇ ಸಿಕ್ಕಿಸಿ ಬರುವಾಗ ಯಾವ ಜೀಪೂ ಬರಲಿಲ್ಲ. ಹಾಗಾದರೆ ಶಾಂತಿ ಅನ್ನುವುದು ಏಟು ತಿಂದವನು ಬಾಯಿ ಮುಚ್ಚಿಕೊಂಡಿರುವುದಕ್ಕೆ ಇಟ್ಟ ಹೆಸರೇನು?

ಸಾಹೇಬರ ಭಾಷಣದಲ್ಲಿ "ಸಮುದಾಯದ ಸುರಕ್ಷತೆ" ಅನ್ನುವ ಮಾತು ಮೂರು ಸಲ ಬಂತು. ನನಗೆ ನಮ್ಮ ತಾತನ ಕೋಲು ನೆನಪಾಯಿತು. ತಾತ ಊರ ತೋಟಿ. ತೋಟಿ, ಕುಳವಾಡಿ, ನೀರಗಂಟಿ ಎಂದು ಹೆಸರು ಏನೇ ಇರಲಿ, ಅನೇಕ ಊರುಗಳಲ್ಲಿ ಈ ಕಾವಲು ನಮ್ಮ ಜನದ್ದೇ. ರಾತ್ರಿ ಗಸ್ತು ತಿರುಗಬೇಕು. ಯಾರ ಹೊಲದ ಗಡಿಕಲ್ಲು ಎಲ್ಲಿ ಅಂತ ಹೇಳಬೇಕು. ಸಾವಿನ ಸುದ್ದಿ ಹತ್ತು ಹರದಾರಿ ನಡೆದು ಮುಟ್ಟಿಸಬೇಕು. ಸತ್ತ ದನ ಎಳೆಯಬೇಕು. ಕೆರೆಯ ತೂಬು ಎತ್ತಿ ಗದ್ದೆಗೆಲ್ಲ ನೀರು ಹಂಚುವವನು ಅದೇ ಊರಿನ ಬಾವಿಗೆ ಹಗ್ಗ ಇಳಿಸುವಂತಿಲ್ಲ. ಇದಕ್ಕೆ ಕೂಲಿ ಅಂದರೆ ಒಂದು ತುಂಡು ಇನಾಮು ನೆಲ, ಸುಗ್ಗಿಯಲ್ಲಿ ಕಣದ ಮೂಲೆಯ ಕಾಳು. ಮಹಾರರ ಇದೇ ಬಗೆಯ ವತನದ ಕೊರಳಪಟ್ಟಿ ಬಿಚ್ಚಲು ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಪರಿಷತ್ತಿಗೆ ಮಸೂದೆ ತಂದರು. ನಮ್ಮಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರಲ್ಲಿ. ಕಾಯ್ದೆ ಬಂದಮೇಲೂ ತಾತ ಕೋಲು ಬಿಡಲಿಲ್ಲ. ಬಿಟ್ಟರೆ ಸುಮ್ಮನಿರುವವರು ಯಾರು?

ಊರನ್ನು ಕಾದವರು ನಾವು. ನಮ್ಮನ್ನು ಕಾಯುವುದು ಯಾರ ಕೆಲಸ ಅಂತ ಯಾವ ಚಾವಡಿಯಲ್ಲೂ ಬರೆದಿರಲಿಲ್ಲ. ಬರೆದದ್ದು ಸಂವಿಧಾನ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅದಕ್ಕೊಂದು ಕಾಯ್ದೆ ಬಂತು, 1976ರಲ್ಲಿ ಅದೇ ಕಾಯ್ದೆ ನಾಗರಿಕ ಹಕ್ಕುಗಳ ರಕ್ಷಣೆಯ ಹೆಸರು ಹೊತ್ತಿತು. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. ದಲಿತ ಸಂಘರ್ಷ ಸಮಿತಿ ಬೀದಿಗಿಳಿಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂದಾಗ ಅದರ ಅಪರಾಧಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದೇ ತಿನ್ನಬಾರದ್ದನ್ನು ತಿನ್ನಿಸುವುದು, ಕುಡಿಯಬಾರದ್ದನ್ನು ಕುಡಿಸುವುದು. ಒಂದು ದೇಶದ ಕಾನೂನು ಇಂಥ ವಾಕ್ಯದಿಂದ ಶುರುವಾಗಬೇಕಾಯಿತಲ್ಲ, ಆ ದೇಶದ ಹಳ್ಳಿಗಳನ್ನು ಶಾಂತ ಅಂತ ಕರೆದವರು ಯಾರೋ!

ನಮ್ಮ ಕೆಲವು ಗೆಳೆಯರು ಅನ್ನುತ್ತಾರೆ: ಸರ್ಕಾರ ಅವರದೇ, ಕೋರ್ಟು ಅವರದೇ, ಅದರ ಹತ್ತಿರ ಸಮಾನತೆ ಕೇಳುವುದು ಕಟುಕನ ಹತ್ತಿರ ಕರು ಕೇಳಿದ ಹಾಗೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಸರ್ಕಾರಿ ಹಾಸ್ಟೆಲಿನ ಅನ್ನ ತಿಂದು ಓದಿದವನು ನಾನು. ಅಕ್ಕಿಯಲ್ಲಿ ಹುಳ ಇದ್ದವು, ಆದರೆ ಅಕ್ಕಿ ಇತ್ತು. ಆ ಹಾಸ್ಟೆಲ್ ಇಲ್ಲದಿದ್ದರೆ ಈ ಲೇಖನ ಬರೆಯುವ ಕೈಯಲ್ಲಿ ಈಗ ಗಾರೆ ಬಾಣಲಿ ಇರುತ್ತಿತ್ತು. ಹಾಗಂತ ಅದು ದಾನವೂ ಅಲ್ಲ. ತಾತನ ಕಾವಲಿಗೆ ಬಾಕಿ ಉಳಿದ ಕೂಲಿಯಲ್ಲಿ ನಾಲ್ಕಾಣೆ ಅಂತ ನಾನು ಲೆಕ್ಕ ಬರೆದುಕೊಂಡಿದ್ದೇನೆ.

ಸಿಟ್ಟು ಬರುವುದು ಬೇರೆ ಕಾರಣಕ್ಕೆ. 1995ರಲ್ಲಿ ಈ ಕಾಯ್ದೆಗೆ ಮಾಡಿದ ನಿಯಮಗಳಲ್ಲಿ ಮೂರನೆಯದನ್ನು ಹಳ್ಳಿ ಮೇಷ್ಟ್ರುಗಳು ಒಂದು ಸಲ ಓದಬೇಕು. ದೌರ್ಜನ್ಯ ನಡೆಯಬಹುದಾದ ಜಾಗಗಳನ್ನು ಸರ್ಕಾರ ಮೊದಲೇ ಗುರುತಿಸಬೇಕು, ಬೇಕಾದರೆ ಅಲ್ಲಿನವರ ಬಂದೂಕಿನ ಲೈಸೆನ್ಸು ರದ್ದು ಮಾಡಬೇಕು, ವಿಶೇಷ ಪೊಲೀಸು ಇಡಬೇಕು, ಸ್ವಯಂಸೇವಾ ಸಂಸ್ಥೆಗಳಿಗೆ ಹಣ ಕೊಟ್ಟು ತಿಳುವಳಿಕೆ ಕೇಂದ್ರ ನಡೆಸಬೇಕು. ಜಿಲ್ಲಾಧಿಕಾರಿಯ ಕೈಕೆಳಗೆ ಉಸ್ತುವಾರಿ ಸಮಿತಿ, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. 2015ರ ತಿದ್ದುಪಡಿ ಬಂದಮೇಲೆ ಸಾಮಾಜಿಕ ಬಹಿಷ್ಕಾರವೇ ಅಪರಾಧ. ಅಂದರೆ ಆ ಒಂಬತ್ತು ದಿನ ಮಿಲ್ಲು ನಿಲ್ಲಿಸಿದವರ ಮೇಲೇ ಇನ್ನೊಂದು ಕೇಸು ಆಗಬೇಕಿತ್ತು. ಏಟು ತಿಂದವನನ್ನು ಕರೆದು ಒಪ್ಪಿಸಿ ಅಂತ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಈ ಕಾಯ್ದೆಯಲ್ಲಿ ರಾಜಿಗೆ ಕಲಮೂ ಇಲ್ಲ. ಆದರೂ ರಾಜಿ ಒಳಗೆ ಬರುತ್ತದೆ. ಸಾಕ್ಷಿ ಕಟಕಟೆಯ ಬಾಗಿಲಿಂದ ಬರುತ್ತದೆ.

ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದರು ಅಂತ ಪತ್ರಿಕೆಗಳು ಬರೆದವು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ತಿರುಗಿಬಿದ್ದ ಅನ್ನುವವರು ಒಂದು ರಾತ್ರಿ ಆ ಸಾಕ್ಷಿಯ ಗುಡಿಸಲಲ್ಲಿ ಮಲಗಿ ನೋಡಬೇಕು. ಕೋರ್ಟು ಸಂಜೆ ಐದಕ್ಕೆ ಮುಚ್ಚುತ್ತದೆ. ಊರು ಮುಚ್ಚುವುದಿಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಕೇಸಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಆದದ್ದು 2024ರ ಅಕ್ಟೋಬರಿನಲ್ಲಿ. ಅದೂ ಹೈಕೋರ್ಟಿನ ಮೆಟ್ಟಿಲು ಹತ್ತಿದೆ. ಆ ಹತ್ತು ವರ್ಷ ಸಾಕ್ಷಿ ಹೇಳಿದವರು ಯಾರ ಹೊಲದಲ್ಲಿ ಕೂಲಿ ಮಾಡಿದರೋ. ಸುರಕ್ಷತೆ ಅನ್ನುವ ಮಾತಿಗೆ ಅರ್ಥ ಇದ್ದರೆ ಅದು ಆ ಹತ್ತು ವರ್ಷದಲ್ಲಿ ಇರಬೇಕು, ಒಂದು ಮಧ್ಯಾಹ್ನದ ಸಭೆಯಲ್ಲಿ ಅಲ್ಲ.

ಹಾಗಾದರೆ ಶಾಂತಿಗಾಗಿ ದಲಿತ ಯಾವತ್ತೂ ಹಿಂದೆ ಸರಿಯಲೇಬಾರದೇ? ಇಲ್ಲಿ ಮಹಾಡ್ ನೆನಪಾಗುತ್ತದೆ. 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕು ಅಂತ ನಿರ್ಣಯ ಮಾಡಿತು. ಮಹಾಡದ ಪುರಸಭೆ 1924ರಲ್ಲಿ ಒಪ್ಪಿತು. ಕಾಗದದ ಮೇಲೆ ಕೆರೆ ತೆರೆಯಿತು. ಒಬ್ಬ ಅಸ್ಪೃಶ್ಯನೂ ನೀರು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಊಟಕ್ಕೆ ಕೂತವರ ಮೇಲೆ, ಊರಿಗೆ ಹೊರಟವರ ಮೇಲೆ ದೊಣ್ಣೆ ಬಿತ್ತು. ದನ ಕುಡಿದರೆ ಕೆಡದ ಕೆರೆಗೆ ಸಗಣಿ ಗಂಜಲ ಸುರಿದು ಶುದ್ಧಿ ಮಾಡಿದರು. ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸು ತಗೊಂಡಿತು. ಡಿಸೆಂಬರಿನಲ್ಲಿ ಮತ್ತೆ ಜನ ಸೇರಿದರು. 25ರಂದು ಮನುಸ್ಮೃತಿ ಸುಟ್ಟರು. ಆದರೆ ಸವರ್ಣೀಯರು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಸತ್ಯಾಗ್ರಹ ಬೇಡ ಅಂತ ಕಲೆಕ್ಟರ್ ಸಾಹೇಬರೇ ಸಭೆಗೆ ಬಂದು ಕೇಳಿಕೊಂಡರು. ಅದೂ ಒಂಥರಾ ಶಾಂತಿ ಸಭೆ! ಬಾಬಾಸಾಹೇಬರು ಸತ್ಯಾಗ್ರಹ ನಿಲ್ಲಿಸಿದರು. ಸಾವಿರಾರು ಜನ ಕೆರೆಯ ಸುತ್ತ ಮೆರವಣಿಗೆ ಹೋದರು, ನೀರು ಮುಟ್ಟಲಿಲ್ಲ.

ಮೊದಲ ಸಲ ಇದನ್ನು ಓದಿದಾಗ ನನಗೆ ಬೇಜಾರಾಗಿತ್ತು. ಈಗ ಬೇರೆ ಕಾಣುತ್ತದೆ. ಅವರು ನೀರು ಕುಡಿಯುವುದನ್ನು ಮುಂದಕ್ಕೆ ಹಾಕಿದರು, ಕೆರೆ ನಮ್ಮದೂ ಹೌದು ಅನ್ನುವ ಮಾತನ್ನು ವಾಪಸು ತಗೊಳ್ಳಲಿಲ್ಲ. ಕೇಸು ನಡೆಸಿದರು. 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದರು. ಕಾಯಿರಿ ಅಂತ ಸರ್ಕಾರ ಕೇಳಿದರೆ ಅದನ್ನು ತೂಗಿ ನೋಡಬಹುದು. ನಿನಗೆ ಏಟು ಬಿದ್ದೇ ಇಲ್ಲ ಅಂತ ಬರೆದುಕೊಡು ಅಂದರೆ ತೂಗುವುದಕ್ಕೆ ಏನೂ ಉಳಿಯುವುದಿಲ್ಲ. ನಮ್ಮೂರ ಜಗಲಿಯಲ್ಲಿ ಕೇಳಿದ್ದು ಎರಡನೆಯದನ್ನು.

ಇನ್ನು ಸ್ವಯಂಸೇವಾ ಸಂಸ್ಥೆಗಳ ಮಾತು. ಈ "ಸೇವೆ" ಅನ್ನುವ ಪದವೇ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಟ್ಟಿ ಚಾಕರಿ ಮಾಡಿದ ನಮ್ಮಜ್ಜಂದಿರನ್ನು ಸ್ವಯಂಸೇವಕರು ಅಂತ ಯಾರೂ ಕರೆಯಲಿಲ್ಲ. 1932ರಲ್ಲಿ ಗಾಂಧೀಜಿಯ ಪ್ರೇರಣೆಯಿಂದ ಅಸ್ಪೃಶ್ಯತಾ ನಿವಾರಣೆಯ ಸಂಘ ಹುಟ್ಟಿತು, ಅದೇ ಮುಂದೆ ಹರಿಜನ ಸೇವಕ ಸಂಘ. ಆ ನವೆಂಬರಿನಲ್ಲಿ ಹಡಗಿನಲ್ಲಿ ಕೂತು ಬಾಬಾಸಾಹೇಬರು ಅದರ ಕಾರ್ಯದರ್ಶಿ ಠಕ್ಕರ್ ಅವರಿಗೆ ಕಾಗದ ಬರೆದರು. ಅಸ್ಪೃಶ್ಯನ ಕುಡಿತ ಬಿಡಿಸುವುದರಲ್ಲಿ ಶಕ್ತಿ ಕಳೆಯಬೇಡಿ, ಬಾವಿ, ಶಾಲೆ, ಚಾವಡಿಗೆ ಪ್ರವೇಶ ಕೊಡಿಸುವ ಹೋರಾಟ ಹಳ್ಳಿಹಳ್ಳಿಯಲ್ಲಿ ಮಾಡಿ, ಅದರಲ್ಲಿ ಗಲಭೆಯಾಗುತ್ತದೆ, ತಲೆ ಒಡೆಯಬಹುದು, ಆದರೂ ಬೇರೆ ದಾರಿ ಇಲ್ಲ ಎಂಬುದು ಅದರ ತಿರುಳು. ಸಂಘ ಅವರ ಮಾತು ಹಿಡಿಯಲಿಲ್ಲ. ಅವರು ಅದರಿಂದ ಹೊರಬಂದರು.

ನನ್ನ ಗೆಳೆಯನೊಬ್ಬ ಇಂಥ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದಾನೆ. ಅವನ ಮನೆಯ ಒಲೆ ಉರಿಯುವುದು ಆ ಸಂಬಳದಿಂದ, ಅದಕ್ಕೆ ನಾನು ನಗಲಾರೆ. ಬೀದಿ ನಾಟಕ ಆಡಿಸುತ್ತಾನೆ, ಚೆನ್ನಾಗಿ ತಮಟೆ ಬಾರಿಸುತ್ತಾನೆ. ಶಾಂತಿ ಸಭೆಗೆ ಅವನೂ ಬಂದಿದ್ದ. ಹೊಡೆದವರ ಹೆಸರು ಅವನಿಗೆ ಗೊತ್ತು. ಏನೂ ಮಾತಾಡಲಿಲ್ಲ. ಆಮೇಲೆ ಬೇಲಿ ಹತ್ತಿರ ಸಿಕ್ಕಿ, "ಮಾರ್ಚಿಗೆ ಗ್ರಾಂಟ್ ರಿನ್ಯೂವಲ್ ಇದೆ ಕಣೋ" ಅಂದ. ಸರ್ಕಾರದ ದುಡ್ಡು ಮುಟ್ಟಬಾರದು ಅಂತ ನಾನು ಹೇಳುವುದಿಲ್ಲ, ಅದು ನಮ್ಮದೂ ದುಡ್ಡು. ಆದರೆ ದುಡ್ಡು ಕೊಟ್ಟವನ ಮುಂದೆ ಹೇಳಬೇಕಾದ್ದನ್ನು ಹೇಳಲಾಗದಿದ್ದರೆ ಆ ತಮಟೆಯನ್ನು ತಾತನೂ ಬಾರಿಸುತ್ತಿದ್ದ, ಊರ ಹಬ್ಬಕ್ಕೆ.

2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತರ ಮಗುವೊಂದು ಗುಡಿಯೊಳಗೆ ಓಡಿಹೋಯಿತು. ಶುದ್ಧಿಗೆ 25,000 ಕೊಡಿ ಅಂತ ತಂದೆತಾಯಿಯನ್ನು ಕೇಳಿದರು. ಮರುವರ್ಷ ಸರ್ಕಾರ ಆ ಮಗುವಿನ ಹೆಸರಲ್ಲೇ ಸಾಮರಸ್ಯದ ಯೋಜನೆ ಹೊರಡಿಸಿತು. ಹೆಸರಿಟ್ಟದ್ದು ಸರಿಯೇ. ಆದರೆ ಸಮಾನತೆ ಅನ್ನುವ ಕಡೆ ಸಾಮರಸ್ಯ ಅನ್ನುವ ಮಾತು ಬಂದು ಕೂತಾಗ ನಾನು ಸ್ವಲ್ಪ ಎಚ್ಚರ ಆಗುತ್ತೇನೆ. ರಸ ಬೆರೆಯುವುದಕ್ಕೆ ಮೊದಲು ಲೋಟ ಒಂದಾಗಬೇಕು.

ಲೋಟದ ಕತೆ ಹೇಳಿಬಿಡುತ್ತೇನೆ. ನಮ್ಮೂರ ಟೀ ಅಂಗಡಿಯಲ್ಲಿ ಈಗ ಎರಡು ಲೋಟ ಇಲ್ಲ. ಎಲ್ಲರಿಗೂ ಕಾಗದದ ಲೋಟ. ಕುಡಿದು ಎಸೆಯುವುದು. ಸಾಹೇಬರ ವರದಿಯಲ್ಲಿ ಅಸ್ಪೃಶ್ಯತೆ ಹೋಗಿದೆ. ಒಬ್ಬರ ಎಂಜಲು ಇನ್ನೊಬ್ಬರು ತೊಳೆಯುವ ಪ್ರಸಂಗವೇ ಬರದ ಹಾಗೆ ಊರು ಜಾಣತನ ಮಾಡಿದೆ.

ಚಿಕ್ಕಪ್ಪನ ಮಗ ಆ ದಿನ ಸಭೆಯಲ್ಲಿ ಕೈ ಎತ್ತಲೂ ಇಲ್ಲ, ಕೈ ಮುಗಿಯಲೂ ಇಲ್ಲ. ಕೇಸು ನಡೆಯುತ್ತಿದೆ. ಬರುವ ತಿಂಗಳು ಸಾಕ್ಷಿ ವಿಚಾರಣೆ. ಕೈಮುಗಿದ ಹಿರಿಯನೇ ಮೊದಲ ಸಾಕ್ಷಿ. ಮೊನ್ನೆ ರಾತ್ರಿ ಮನೆಗೆ ಬಂದು, "ಏನ್ ಹೇಳಾನಪ್ಪ ಅಲ್ಲಿ?" ಅಂತ ಕೇಳಿದ. "ಕಂಡಿದ್ದು ಹೇಳು ತಾತ" ಅಂದೆ. ಬಹಳ ಹೊತ್ತು ಬೀಡಿ ಸೇದಿದ. ಸಾಕ್ಷಿಗಳ ಬಸ್ ಚಾರ್ಜು, ಊಟದ ಖರ್ಚು ಸರ್ಕಾರವೇ ಕೊಡಬೇಕು ಅಂತ ನಿಯಮ ಇದೆ, ಅರ್ಜಿ ಬರೆದಿದ್ದೇನೆ. ಬರುವವರೆಗೆ ಅಂತ ಕೇರಿಯ ಹುಡುಗರು ತಲೆಗೆ ಐವತ್ತರಂತೆ ಕೂಡಿಸಿದ್ದಾರೆ. ಆರು ಜನ ಅವನ ಜೊತೆ ಹೋಗುತ್ತೇವೆ, ಬರುವಾಗಲೂ ಜೊತೆಯಲ್ಲೇ ಬರುತ್ತೇವೆ. ಕೊನೇ ಬಸ್ಸು ಏಳೂವರೆಗೆ.